ಗೋಧಿ ಬಿಟ್ಟ ಹರಕೆ

ಹೊರಗೆ ಊಟ ಮಾಡಬೇಕಾಗಿ ಬಂದಾಗಲೆಲ್ಲ ನಾನು ಹೇಳುತ್ತಿದ್ದದ್ದು ಒಂದೇ ಸುಳ್ಳು: "ನಾ ಗೋಧಿ ಬಿಟ್ಟೀನ್ರಿ, ಹರಕಿ ಐತಿ."

ಹರಕೆಯೂ ಇರಲಿಲ್ಲ, ಗಿರಕೆಯೂ ಇರಲಿಲ್ಲ. ಇದ್ದದ್ದು ಸೀಲಿಯಾಕ್ ಎಂಬ ಕಾಯಿಲೆ. ಗೋಧಿಯಲ್ಲಿ ಗ್ಲುಟೆನ್ ಎಂಬ ಒಂದು ಅಂಶವಿದೆ. ಅದು ನನ್ನ ಕರುಳಿಗೆ ಆಗುವುದಿಲ್ಲ. ಚಪಾತಿ, ಉಪ್ಪಿಟ್ಟು, ಬ್ರೆಡ್ಡು, ಯಾವುದರ ಚೂರು ಒಳಗೆ ಹೋದರೂ ಕರುಳಿನ ಒಳಪದರ ಕೆಡುತ್ತದೆ. ಆಮೇಲೆ ತಿಂದದ್ದು ಯಾವುದೂ ಮೈಗೆ ಹತ್ತುವುದಿಲ್ಲ. ಇದು ಗೊತ್ತಾಗುವ ಹೊತ್ತಿಗೆ ನನಗೆ ಎರಡು ಗರ್ಭ ಹೋಗಿದ್ದವು. ಎರಡನೆಯದು ಹೋದಾಗ ಐದನೇ ತಿಂಗಳು. ಮೈಯಲ್ಲಿ ರಕ್ತವಿಲ್ಲ ಎಂದು ಎಲ್ಲರೂ ಕಬ್ಬಿಣದ ಮಾತ್ರೆ ಬರೆದುಕೊಟ್ಟವರೇ. ರಕ್ತ ಯಾಕಿಲ್ಲ ಎಂದು ಕೇಳಿದವರು ಹುಬ್ಬಳ್ಳಿಯ ವೈದ್ಯರೊಬ್ಬರು ಮಾತ್ರ.

ಮೊದಮೊದಲು ನಾನು ಸತ್ಯವನ್ನೇ ಹೇಳುತ್ತಿದ್ದೆ. ಹೊಸಪೇಟೆಯ ಬಸ್‌ಸ್ಟ್ಯಾಂಡಿನ ಹತ್ತಿರದ ಹೋಟೆಲಿನಲ್ಲಿ ಸಪ್ಲೈಯರನಿಗೆ ಕಾಯಿಲೆಯ ಕಥೆಯನ್ನೆಲ್ಲ ಬಿಡಿಸಿ ಹೇಳಿದೆ. "ಒಂದು ಚೂರು ತಿಂದ್ರ ಏನೂ ಆಗಂಗಿಲ್ಲ ಬಿಡ್ರಿ ಮೇಡಂ" ಎಂದು ಸಮಾಧಾನ ಮಾಡಿ, ಚಪಾತಿ ಬೇಯಿಸಿದ ಹಂಚಿನ ಮೇಲೆಯೇ ದೋಸೆ ಹೊಯ್ಯಿಸಿ ತಂದಿಟ್ಟ. ಎರಡು ದಿನ ಹಾಸಿಗೆ ಹಿಡಿದೆ. ಇನ್ನೊಮ್ಮೆ ಹಂಪಿ ಬಜಾರಿನಲ್ಲಿ ಬರೀ ಅನ್ನ ಸಾರು ತಿಂದು ಮಲಗಿದೆ. ಡಬ್ಬಿಯ ಇಂಗಿಗೆ ಗೋಧಿ ಹಿಟ್ಟು ಬೆರೆಸಿರುತ್ತಾರೆಂಬುದು ಆಮೇಲೆ ಗೊತ್ತಾಯಿತು. ಮೂರನೇ ಸಲ ಸಿಟ್ಟು ಬಂದು, ಥಟ್ಟನೆ ಹರಕೆ ಎಂದುಬಿಟ್ಟೆ. ಅಡಿಗೆಯವರು ಕೈ ತೊಳೆದುಕೊಂಡು, ಹಂಚು ಉಜ್ಜಿಸಿ, ಬೇರೆ ತಟ್ಟೆಯಲ್ಲಿ ಬಡಿಸಿದರು. ಕಾಯಿಲೆ ಎಂದರೆ ನಮ್ಮ ಜನರೆಲ್ಲ ಡಾಕ್ಟರಾಗುತ್ತಾರೆ, ಹರಕೆ ಎಂದರೆ ಮಾತ್ರ ಮಾತು ಕೇಳುತ್ತಾರೆ. ಕಂಪ್ಲಿಯ ರೈಸ್ ಮಿಲ್ಲಿನಲ್ಲಿ ಸೂಪರ್‌ವೈಸರ್ ಆಗಿದ್ದ ನನ್ನ ಗಂಡ, "ನೀ ಟೀಚರ್ ಆಗಬಾರದಿತ್ತು, ಎಲೆಕ್ಷನ್ನಿಗೆ ನಿಲ್ಲಬೇಕಿತ್ತು" ಎಂದು ನಕ್ಕಿದ್ದರು.

ಆಗ ಸಂಡೂರಿನ ಗಣಿಗಳಿಂದ ಹಗಲೂ ರಾತ್ರಿ ಅದಿರು ಸಾಗುತ್ತಿದ್ದ ಕಾಲ. ನಾನು ಹೊಸಪೇಟೆಯಿಂದ ಸಂಡೂರಿಗೆ ಹೋಗಿ ಹೈಸ್ಕೂಲಿನಲ್ಲಿ ಗಣಿತ ಪಾಠ ಮಾಡುತ್ತಿದ್ದೆ. ಮುಕ್ಕಾಲು ಗಂಟೆಯ ದಾರಿಗೆ ಕೆಲವು ದಿನ ಮೂರು ಗಂಟೆ ಹಿಡಿಯುತ್ತಿತ್ತು. ಮುಂದೆ ಲಾರಿ, ಹಿಂದೆ ಲಾರಿ, ನಡುವೆ ಕೆಂಪು ಧೂಳು ಕುಡಿಯುತ್ತ ನಮ್ಮ ಬಸ್ಸು. ನಸುಕಿನಲ್ಲಿ ಕಟ್ಟಿಕೊಂಡ ಡಬ್ಬಿ ಬಿಸಿಲಿಗೆ ಮಧ್ಯಾಹ್ನದೊಳಗೆ ಹಳಸಿರುತ್ತಿತ್ತು. ಹಾಗಾಗಿ ಶಾಲೆಯ ಹಿಂದಿನ ಓಣಿಯ ಒಂದು ಖಾನಾವಳಿಗೆ ಹೋಗತೊಡಗಿದೆ. ಮನೆಯ ಪಡಸಾಲೆಯೇ ಖಾನಾವಳಿ. ಲಾರಿ ಡ್ರೈವರುಗಳು ಚಪಾತಿಗೆ, ಊರಿನವರು ರೊಟ್ಟಿಗೆ ಬರುತ್ತಿದ್ದರು. ನಡೆಸುತ್ತಿದ್ದವರು ಐವತ್ತು ದಾಟಿದ ಒಬ್ಬ ಹೆಂಗಸು. ಎಲ್ಲರಿಗೂ ಅಕ್ಕ, ನನಗೂ ಅಕ್ಕ.

ಅಕ್ಕನಿಗೂ ಹರಕೆ ಎಂದೇ ಹೇಳಿದ್ದೆ. ಅವರು ಯಾವ ದೇವರಿಗೆ ಎಂದು ಕೂಡ ಕೇಳಲಿಲ್ಲ. ನನಗಾಗಿ ಬೇರೆ ಹಂಚು, ಹಿಟ್ಟು ಕಲಸಲು ಬೇರೆ ಪರಾತ ತೆಗೆದಿಟ್ಟರು. ಹಿಟ್ಟನ್ನು ನಾನೇ ಒಯ್ದು ಕೊಡುತ್ತಿದ್ದೆ. ಗಿರಣಿಯಲ್ಲಿ ನನ್ನ ಮುಂದೆ ಯಾರಾದರೂ ಗೋಧಿ ಬೀಸಿಸಿದ್ದರೆ ಎದ್ದು ಮನೆಗೆ ಬರುವುದು, ಜೋಳದವರು ಬಂದು ಹೋದ ಮೇಲೆ ನನ್ನ ಜೋಳ ಹಾಕಿಸುವುದು, ಇದು ನನ್ನ ಕ್ರಮ. ಆ ಹಿಟ್ಟಿನ ಡಬ್ಬಿಯನ್ನು ಅಕ್ಕ ದೇವರ ಪಟದ ಪಕ್ಕದಲ್ಲಿ ಇಡುತ್ತಿದ್ದರು. ಒಂದು ವರ್ಷ ನನ್ನ ಹೊಟ್ಟೆ ಒಂದು ದಿನವೂ ಕೆಡಲಿಲ್ಲ. ಮೈಯಲ್ಲಿ ರಕ್ತ ತುಂಬಿತು. ಮೂರನೇ ಸಲ ಬಸಿರಾದೆ.

"ಈ ಸಲ ಔಷಧಕ್ಕಿಂತ ನಿಮ್ಮ ಊಟವೇ ಮುಖ್ಯ, ಹೊಟ್ಟೆ ಕೆಡಿಸಿಕೊಳ್ಳಬೇಡಿ" ಎಂದಿದ್ದರು ವೈದ್ಯರು. ಐದು ತಿಂಗಳು ತುಂಬುವ ತನಕ ಯಾರಿಗೂ ಹೇಳಲಿಲ್ಲ. ಒಂದು ಭಾನುವಾರ ಕೂಸು ಒಳಗೆ ಮೊದಲ ಸಲ ಮಿಸುಕಿತು. ಮರುದಿನ ಮಧ್ಯಾಹ್ನ ಅಕ್ಕನಿಗೆ ಹೇಳಿದೆ. ಹಿಟ್ಟಿನ ಕೈಯಲ್ಲೇ ನನ್ನ ಗಲ್ಲ ಸವರಿ, "ನನಗ ಯಾವಾಗೋ ಗೊತ್ತಾಗಿತ್ತು, ನೀವ ಹೇಳ್ಲಿ ಅಂತ ಸುಮ್ನಿದ್ದೆ" ಎಂದರು.

ಮಂಗಳವಾರದ ರೊಟ್ಟಿ ತುಂಬ ಮೆತ್ತಗಿತ್ತು. ಮಡಚಿದರೂ ಬಿರಿಯಲಿಲ್ಲ. "ಇವತ್ತು ರೊಟ್ಟಿ ಭಾಳ ಚೊಲೋ ಆಗ್ಯಾವಕ್ಕ" ಎಂದೆ. "ಎಸರು ಚೊಲೋ ಕುದಿಸೀನ್ರಿ" ಎಂದು ಇನ್ನೊಂದು ಬಡಿಸಿದರು. ಹೊಗಳಿ ಹೊಗಳಿ ಮೂರು ತಿಂದೆ. ಈಗ ನೆನೆದರೆ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ. ವರ್ಷಗಟ್ಟಲೆ ಪೊಲೀಸರ ಹಾಗೆ ಹಿಟ್ಟು ಕಾದವಳು ಮೆತ್ತನೆ ರೊಟ್ಟಿಗೆ ಮರುಳಾದೆ.

ಬುಧವಾರ ಒಂಬತ್ತನೇ ತರಗತಿಯಲ್ಲಿ ಬೋರ್ಡಿನ ಮೇಲೆ ತ್ರಿಭುಜ ಬರೆಯುತ್ತಿದ್ದಾಗ ಹೊಟ್ಟೆ ಗುಡುಗುಟ್ಟಿತು. ಆ ಸದ್ದು ನನಗೆ ಚೆನ್ನಾಗಿ ಗೊತ್ತು. ಸೀಮೆಸುಣ್ಣ ಕೆಳಗಿಟ್ಟು ಓಡಿದೆ. ಸಂಜೆಯೊಳಗೆ ಆರು ಸಲ. ಎಲ್ಲಿಂದ ಬಂತು ಎಂದು ಲೆಕ್ಕ ಹಾಕತೊಡಗಿದೆ. ಸಾರಿನ ಪುಡಿಯೇ, ಸ್ಟಾಫ್ ರೂಮಿನ ಚಹಾದ ಲೋಟವೇ, ಪಕ್ಕದ ಮನೆಯವರು ಕೊಟ್ಟ ಪಾಯಸವೇ? ಗಂಡ ಗಿರಣಿಗೆ ಹೋಗಿ ಜಗಳವನ್ನೇ ಆಡಿ ಬಂದರು. ಮನೆಯ ಸಾರಿನ ಪುಡಿ ಚೆಲ್ಲಿದೆ. ಗಂಜಿ ಬಿಟ್ಟು ಬೇರೆ ಏನೂ ಮಾಡಿಕೊಳ್ಳಲಿಲ್ಲ. ಎಲ್ಲರ ಮೇಲೆಯೂ ಸಂಶಯಪಟ್ಟೆ, ಅಕ್ಕನೊಬ್ಬರನ್ನು ಬಿಟ್ಟು. ಅಲ್ಲಾದರೂ ನಿಶ್ಚಿಂತೆ ಎಂದುಕೊಂಡು ಗುರುವಾರವೂ ಹೋಗಿ, ಕೂಸಿಗಾಗಿ ಬಲವಂತದಿಂದ ಎರಡು ರೊಟ್ಟಿ ತಿಂದೆ. ಅದೂ ನಿಲ್ಲಲಿಲ್ಲ, ವಾಂತಿಯಾಯಿತು. ಉಪ್ಪು ಸಕ್ಕರೆ ನೀರು ಕುಡಿದರೂ ನಾಲಿಗೆ ಒಣಗಿಯೇ ಇತ್ತು.

"ರಜಾ ಹಾಕು" ಎಂದರು ಗಂಡ. ಪರೀಕ್ಷೆ ಹತ್ತಿರ ಬಂದಿದೆ ಎಂದು ಹಟ ಮಾಡಿ ಶುಕ್ರವಾರವೂ ಬಸ್ಸು ಹತ್ತಿದೆ. ದಾರಿಯಲ್ಲಿ ಲಾರಿಗಳ ಸಾಲು ನಿಂತಿತು. ಕಿಟಕಿ ಮುಚ್ಚಿಕೊಂಡು, ಸೆರಗನ್ನು ಮೂಗಿಗೆ ಹಿಡಿದು ಕುಳಿತಾಗ ಹೊಳೆಯಿತು: ಬೆಳಗಿನಿಂದ ಕೂಸು ಮಿಸುಕಿಲ್ಲ. ಹಿಂದಿನ ದಿನ ಮಿಸುಕಿತ್ತೇ? ಅದೂ ನೆನಪಾಗಲಿಲ್ಲ. ಹೊಟ್ಟೆಯ ಮೇಲೆ ಎರಡೂ ಕೈಯಿಟ್ಟು ಕಾದೆ. ಏನೂ ಇಲ್ಲ. ಎರಡನೇ ಬಸಿರಿನಲ್ಲೂ ಹೀಗೆಯೇ ಆಗಿತ್ತು. ನೋವಿರಲಿಲ್ಲ, ರಕ್ತವಿರಲಿಲ್ಲ, ಸುಮ್ಮನಾಗಿತ್ತು ಅಷ್ಟೇ.

ಸಂಡೂರಿನಲ್ಲಿ ಇಳಿದಾಗ ಹನ್ನೊಂದು ಗಂಟೆ. ಶಾಲೆಗೆ ಹೋಗಿ ಪಾಠ ಮಾಡುವ ಶಕ್ತಿಯಿರಲಿಲ್ಲ. ಒಂದು ಲೋಟ ನೀರು ಕುಡಿದು ಆಸ್ಪತ್ರೆಗೆ ಹೋದರಾಯಿತೆಂದು ಖಾನಾವಳಿಯ ಒಳಗೆ ಕಾಲಿಟ್ಟೆ. ನಾನು ಆ ಹೊತ್ತಿಗೆ ಎಂದೂ ಹೋದವಳಲ್ಲ. ಅಕ್ಕ ನನಗೆ ಬೆನ್ನು ಮಾಡಿ ಕುಳಿತು ನನ್ನ ಪರಾತದಲ್ಲಿ ಹಿಟ್ಟು ಕಲಸುತ್ತಿದ್ದರು. ಪಕ್ಕದಲ್ಲಿ ಚಪಾತಿ ಹಿಟ್ಟಿನ ಡಬ್ಬಿ ತೆರೆದಿತ್ತು. ಅವರ ಕೈ ಆ ಡಬ್ಬಿಗೆ ಹೋಯಿತು, ಒಂದು ಹಿಡಿ ತೆಗೆಯಿತು, ನನ್ನ ಪರಾತಕ್ಕೆ ಬಂತು.

"ಅಕ್ಕಾ, ಏನ್ ಮಾಡಾಕತ್ತೀರಿ?"

ನನ್ನ ದನಿ ನನಗೇ ಗುರುತು ಸಿಗಲಿಲ್ಲ. ಅಕ್ಕ ತಿರುಗಿ ನೋಡಿದರು. ಕಳ್ಳತನದಲ್ಲಿ ಸಿಕ್ಕಿಬಿದ್ದವರ ಮುಖವಲ್ಲ ಅದು, ಉಡುಗೊರೆ ಮುಂಚೆಯೇ ಕಂಡುಬಿಟ್ಟರಲ್ಲ ಎನ್ನುವ ಮುಖ.

"ಒಂದ್ ಹಿಡಿ ಗೋಧಿ ಹಿಟ್ಟು ರೀ. ಬಸುರಿ ಹೆಣ್ಮಗಳಿಗೆ ಹರಕಿ ಹತ್ತಂಗಿಲ್ಲ ಟೀಚರಮ್ಮ. ಹೊಟ್ಯಾಗ ಕೂಸು ಇದ್ದಾಗ ಉಪಾಸ, ನೇಮ ಎಲ್ಲಾ ಮಾಫಿ, ನಮ್ಮತ್ತಿ ಹೇಳ್ತಿದ್ರು. ಬಿರುಸು ರೊಟ್ಟಿ ತಿಂದು ಕೂಸು ಹೆಂಗ ಗಟ್ಟಿ ಆಗ್ಬೇಕು? ಕೇಳಿದ್ರ ನೀವು ಬ್ಯಾಡ ಅಂತೀರಿ. ಅದಕ್ಕ ಮಂಗಳಾರದಿಂದ ಹೇಳ್ದಂಗ ಹಾಕಾಕತ್ತೀನಿ."

ನಾನು ಕೂಗಾಡಿದೆ. ಏನೇನು ಅಂದೆನೋ ಎಲ್ಲ ನೆನಪಿಲ್ಲ, ನೆನಪಿರುವುದನ್ನು ಬರೆಯುವ ಮನಸ್ಸಿಲ್ಲ. ಕೊನೆಗೆ ಗೋಡೆ ಹಿಡಿದು ನಿಂತು ಹೇಳಿದೆ: "ಹರಕಿ ಅಲ್ಲಕ್ಕ ಅದು, ರೋಗ. ಗೋಧಿ ನನಗ ವಿಷ ಇದ್ದಂಗ. ಮೊದಲಿನ ಎರಡೂ ಕೂಸು ಇದರಿಂದನ ಹೋದವು. ಇದು ಬೆಳಿಗ್ಗೆಯಿಂದ ಮಿಸುಕವಲ್ದು."

ಅಕ್ಕ ಕೈಯ ಹಿಟ್ಟು ಕೊಡವಿ ಎದ್ದರು. ಒಲೆಗೆ ನೀರು ಹೊಯ್ದರು, ಊಟಕ್ಕೆ ಕುಳಿತಿದ್ದವರನ್ನು ಅಲ್ಲಿಯೇ ಬಿಟ್ಟು ನನ್ನ ರಟ್ಟೆ ಹಿಡಿದುಕೊಂಡು ಹೊರಗೆ ಬಂದು ಆಟೋ ನಿಲ್ಲಿಸಿದರು. ಲೇಡಿ ಡಾಕ್ಟರ ನರ್ಸಿಂಗ್ ಹೋಮ್ ಊರಿನ ಆಚೆ ತುದಿಗಿತ್ತು. ಮುಖ್ಯ ರಸ್ತೆ ಮುಟ್ಟಿದ್ದೇ ಆಟೋ ಸಿಕ್ಕಿಕೊಂಡಿತು. ತಾಡಪಾಲು ಹೊದ್ದ ಅದಿರಿನ ಲಾರಿಗಳು ಒಂದಕ್ಕೊಂದು ಮೂತಿ ತಾಗಿಸಿ ನಿಂತಿದ್ದವು. ನಾನು ಅಕ್ಕನ ಕಡೆ ನೋಡಲೇ ಇಲ್ಲ. ನನ್ನ ಕೂಸನ್ನು ಕೊಂದೆಯಲ್ಲ ಎಂಬ ಮಾತು ನಾಲಿಗೆಯ ತುದಿಯಲ್ಲಿತ್ತು, ಹಲ್ಲು ಕಚ್ಚಿ ಹಿಡಿದಿದ್ದೆ.

ಅಕ್ಕ ಕೆಳಗಿಳಿದರು. ಬರಿಗಾಲಲ್ಲಿ ಲಾರಿಗಳ ಸಂದಿಗೆ ನುಗ್ಗಿ ಬಾಗಿಲುಗಳನ್ನು ಬಡಿಯತೊಡಗಿದರು. "ಲೇ, ಸ್ವಲ್ಪ ಹಿಂದಕ್ ತಗೋಲೇ. ಆಟೋದಾಗ ಬಸುರಿ ಅದಾಳ." ಅರ್ಧಕ್ಕರ್ಧ ಡ್ರೈವರುಗಳು ಅವರ ಚಪಾತಿ ತಿಂದವರೇ. "ಅಕ್ಕ ಬಂದಾಳ, ತಗಿರಲೇ" ಎಂದು ಒಬ್ಬರಿಗೊಬ್ಬರು ಕೂಗಿಕೊಂಡರು. ಒಂದು ಲಾರಿ ಹಿಂದೆ ಸರಿಯಿತು, ಇನ್ನೊಂದು ಚರಂಡಿಯ ಅಂಚಿಗೆ ವಾಲಿತು. ಆಟೋ ತೂರಿಕೊಂಡಿತು. ಅಕ್ಕ ಮುಂದೆ ಮುಂದೆ ಓಡುತ್ತಲೇ ಇದ್ದರು.

ಡಾಕ್ಟರು ಹೊಟ್ಟೆಯ ಮೇಲೆ ತಣ್ಣನೆಯ ಜೆಲ್ ಸವರಿ ಸಣ್ಣ ಯಂತ್ರವೊಂದನ್ನು ಒತ್ತಿದರು. ಗೊರ ಗೊರ ಸದ್ದು. ಜಾಗ ಬದಲಿಸಿದರು. ಮತ್ತೆ ಅದೇ ಗೊರ ಗೊರ. ನಾನು ಛಾವಣಿಯ ಫ್ಯಾನನ್ನೇ ನೋಡುತ್ತಿದ್ದೆ. ಮೂರನೇ ಜಾಗದಲ್ಲಿ ಸಿಕ್ಕಿತು, ದಡದಡ ಓಡುವ ಸದ್ದು. ಡಾಕ್ಟರು ಯಂತ್ರವನ್ನು ಅಲ್ಲಿಯೇ ಹಿಡಿದುಕೊಂಡರು. ನಾನು ಜೋರಾಗಿ ಅತ್ತೆ.

"ಕೂಸಿದೆ, ಆದರೆ ನಿಮ್ಮ ಮೈಯಲ್ಲಿ ನೀರೇ ಇಲ್ಲ" ಎಂದು ಸಲೈನ್ ಹಚ್ಚಿದರು. ಗಂಡ ಕಂಪ್ಲಿಯಿಂದ ಬರುವಷ್ಟರಲ್ಲಿ ಎರಡು ಬಾಟಲಿ ಇಳಿದಿದ್ದವು. ನರ್ಸು ಚಹಾ, ಬ್ರೆಡ್ಡು ತಂದಳು. ನನಗೆ ಬೇಡವೆಂದು ಡಾಕ್ಟರೇ ಹೇಳಿದ್ದರಿಂದ ಬಾಗಿಲ ಹೊರಗೆ ಕುಳಿತಿದ್ದ ಅಕ್ಕನಿಗೆ ಕೊಡಲು ಹೋದಳು. ಅಕ್ಕ ಚಹಾ ತೆಗೆದುಕೊಂಡು ಬ್ರೆಡ್ಡನ್ನು ಹಿಂದಕ್ಕೆ ಸರಿಸಿದರು.

"ಮುಂಜಾನಿಂದ ಏನೂ ತಿಂದಿಲ್ಲ, ತಿನ್ರಿ ಅಕ್ಕ" ಎಂದೆ. ಬೆಳಗಿನ ಜಗಳದ ಮೇಲೆ ಅವರೊಡನೆ ಆಡಿದ ಮೊದಲ ಮಾತು ಅದು.

"ತಿನ್ನಂಗಿಲ್ರಿ. ನಿಮ್ಮ ಹರಕಿ ಮುರದಾಕಿ ನಾನು. ಅದರ ದೋಷ ಕೂಸಿಗೆ ತಟ್ಟಬಾರದು ಅಂತ ಮಂಗಳಾರದಿಂದ ನಿಮ್ಮ ಬದ್ಲಿ ಆ ಹರಕಿ ನಾನ ಹೊತ್ತೀನಿ. ನಿಮ್ಮ ಹೆರಿಗಿ ಆಗೋ ತನಕ."

ನನಗೆ ನಾಚಿಕೆಯಾಯಿತು. ಇಂಥ ನಾಚಿಕೆ ಅದರ ಮೊದಲೂ ಆಗಿಲ್ಲ, ಆಮೇಲೂ ಆಗಿಲ್ಲ. "ಹರಕಿನ ಇರ್ಲಿಲ್ಲಲ್ಲ ಅಕ್ಕ, ನಾ ಸುಳ್ಳು ಹೇಳಿದ್ದೆ" ಎಂದೆ.

"ನೀವು ನನಗ ಸುಳ್ಳು ಹೇಳೀರಿ. ನಾ ದೇವರಿಗೆ ಖರೇನ ಹೇಳೀನಲ್ಲ" ಎಂದು ಅಕ್ಕ ಚಹಾ ಊದಿಕೊಂಡು ಕುಡಿದರು.

ಆಮೇಲಿನ ನಾಲ್ಕು ತಿಂಗಳು ರಜೆ ಹಾಕಿ ಎಮ್ಮಿಗನೂರಿನ ತವರಿನಲ್ಲಿ ಅನ್ನ ಮಜ್ಜಿಗೆ ತಿಂದುಕೊಂಡು ಇದ್ದೆ. ತೂಕ ಏರುವುದು ನಿಧಾನವಾಯಿತು, ಪ್ರತಿ ವಾರವೂ ಹೆದರಿಕೆಯೇ. ಹರಕೆಯ ಮಾತನ್ನು ಮತ್ತೆಂದೂ ಬಳಸಲಿಲ್ಲ. ಹೋಟೆಲಿನಲ್ಲಿ ಈಗಲೂ ರೋಗ ಎಂದೇ ಹೇಳುತ್ತೇನೆ. ಕೇಳದಿದ್ದರೆ ಜಗಳ ಮಾಡುತ್ತೇನೆ, ಉಣ್ಣದೆ ಎದ್ದು ಬರುತ್ತೇನೆ.

ಮಗಳು ಹುಟ್ಟಿದ ಮರುದಿನ ಸುದ್ದಿ ಹೇಳಲು ಗಂಡ ಸಂಡೂರಿಗೆ ಹೋದರು. ಮಧ್ಯಾಹ್ನದ ಹೊತ್ತು, ಖಾನಾವಳಿ ತುಂಬಿತ್ತಂತೆ. ಅಕ್ಕ ಎರಡು ಸಲ ಕೇಳಿದರಂತೆ, ಕೂಸು ಅತ್ತಿತೇ, ಹಾಲು ಕುಡಿಯಿತೇ ಎಂದು. ಆಮೇಲೆ ಕೈ ತೊಳೆದುಕೊಂಡು, ಲಾರಿಯವರ ಸಾಲಿನಲ್ಲಿಯೇ ಜಾಗ ಮಾಡಿಸಿಕೊಂಡು ಕುಳಿತು, ಎಲ್ಲರೆದುರು ಒಂದು ಚಪಾತಿ ತಿಂದರಂತೆ.