ಕೈ ಮುರಿದ ಬಸುರಿಗೆ ಮಡಿಲಕ್ಕಿ

ಒಡೆದ ಲೋಟ, ಬಿರುಕು ಬಿಟ್ಟ ಕನ್ನಡಿ, ಕಿವಿ ಮುರಿದ ಕಪ್ಪು, ಇವು ಯಾವುವೂ ಒಂದು ದಿನವೂ ಹೊಸಿಲೊಳಗೆ ಇರಬಾರದು ಎನ್ನುವ ಮನೆಯಲ್ಲಿ ಹುಟ್ಟಿದವಳಿಗೆ ಪುರಾತತ್ವದ ಹುಚ್ಚು ಹಿಡಿಯಬಾರದು. ನನಗೆ ಹಿಡಿಯಿತು. ಮ್ಯೂಸಿಯಂ ಎಂದರೆ ಮತ್ತೇನು? ನಮ್ಮಮ್ಮನ ಕಣ್ಣಿಗೆ ಬಿದ್ದರೆ ಸಂಜೆಯೊಳಗೆ ತಿಪ್ಪೆ ಸೇರಬೇಕಾದ ವಸ್ತುಗಳನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು, ದೀಪ ಹಾಕಿ, ಮುಟ್ಟಬೇಡಿ ಎಂದು ಬರೆದಿರುವ ಜಾಗ. ಮೂಗಿಲ್ಲದ ರಾಜರು, ತಲೆಯಿಲ್ಲದ ದೇವತೆಗಳು, ಅರ್ಧ ಹೂಜಿಗಳು. ಇವತ್ತಿಗೂ ಅಂಥ ಪೆಟ್ಟಿಗೆಯ ಮುಂದೆ ನಿಂತರೆ ನನ್ನೊಳಗೆ ಇಬ್ಬರು ಜಗಳವಾಡುತ್ತಾರೆ. ಒಬ್ಬಳು ಕನ್ನಡಕ ಸರಿಮಾಡಿಕೊಂಡು ಕಾಲ ಯಾವುದೆಂದು ಓದುತ್ತಾಳೆ. ಇನ್ನೊಬ್ಬಳು, ಪಾಪ, ಇವಕ್ಕೆ ಯಾರೂ ಗತಿ ಕಾಣಿಸಲಿಲ್ಲವಲ್ಲ ಎಂದು ಲೊಚಗುಟ್ಟುತ್ತಾಳೆ.

ಹುಚ್ಚು ಹತ್ತಿದ್ದೂ ಘನವಾದ ಕಾರಣದಿಂದಲ್ಲ. ಆಗ ನಾವು ಸಿಡ್ನಿಯ ಮೆರಿಲ್ಯಾಂಡ್ಸ್‌ನಲ್ಲಿ ಒಂದು ಹಳೆಯ ಮನೆಯನ್ನು ರೆಂಟಿಗೆ ಹಿಡಿದಿದ್ದೆವು. ಹಗಲೆಲ್ಲ ಪ್ಯಾರಮ್ಯಾಟದ ಆಫೀಸಿನಲ್ಲಿ ಕೂತು ಬೇರೆಯವರು ಬರೆದ ಪ್ರೋಗ್ರಾಮಿನಲ್ಲಿ ತಪ್ಪು ಹುಡುಕುವುದು ನನ್ನ ಉದ್ಯೋಗ. ಮನಸ್ಸಿಗೆ ಬದಲಾವಣೆ ಇರಲಿ ಎಂದು ಸಂಜೆ ತರಗತಿಗೆ ಸೇರಹೋದೆ. ಇಟಾಲಿಯನ್ ಅಡುಗೆ ಭರ್ತಿಯಾಗಿತ್ತು. ಉಳಿದದ್ದು ಫಿನೀಷಿಯನ್ನರ ಕಲೆ.

ಮೆಡಿಟರೇನಿಯನ್ ಸಮುದ್ರದ ಪೂರ್ವದ ಅಂಚಿನಲ್ಲಿ, ಬೆಟ್ಟಕ್ಕೂ ಕಡಲಿಗೂ ನಡುವೆ ಸಿಕ್ಕಿಕೊಂಡ ಒಂದು ಸಪೂರ ದಂಡೆ. ಈಗ ಲೆಬನಾನ್ ಇರುವುದು ಅಲ್ಲಿ. ಟೈರ್, ಸಿಡಾನ್, ಬಿಬ್ಲಸ್ ಎಂದು ಸಾಲಾಗಿ ಊರುಗಳು. ಉಳಲು ನೆಲ ಸಾಲದೆ ಆ ಜನ ಹಡಗು ಹತ್ತಿದರು. ಕಡಲ ಶಂಖದೊಳಗಿನ ಹುಳುವಿನಿಂದ ನೇರಳೆ ಬಣ್ಣ ಹಿಂಡಿ ರಾಜರಿಗೆ ಮಾರಿದರು, ದಂತದಲ್ಲಿ ಹಸು-ಕರುಗಳನ್ನು ಕೆತ್ತಿದರು, ಹೋದಲ್ಲೆಲ್ಲ ಅಕ್ಷರ ಹಂಚಿದರು. ಹಂಚಿದವರದೇ ಪುಸ್ತಕ ಒಂದೂ ಉಳಿಯಲಿಲ್ಲ. ಫಿನೀಷಿಯನ್ ಎಂಬ ಹೆಸರು ಕೂಡ ಗ್ರೀಕರು ಅಂಟಿಸಿದ್ದಂತೆ. ಅವರನ್ನೇ ಕೇಳಿದ್ದರೆ ನಾನು ಟೈರಿನವನು, ನಾನು ಸಿಡಾನಿನವನು ಎನ್ನುತ್ತಿದ್ದರಂತೆ. ಇದು ತಿಳಿದಾಗ ತರಗತಿಯಲ್ಲಿ ನಾನೊಬ್ಬಳೇ ನಕ್ಕೆ. ನಮ್ಮವರ ಮನೆಯ ಬರ್ತ್‌ಡೇ ಪಾರ್ಟಿಗೆ ಹೋಗಿ ನೋಡಿ. ಇಂಡಿಯನ್ ಅನ್ನುವುದು ಆಫೀಸಿನವರಿಗೆ ಮಾತ್ರ. ಕೈಯಲ್ಲಿ ಪ್ಲೇಟು ಹಿಡಿದ ಕೂಡಲೇ ಒಬ್ಬರು ದಾವಣಗೆರೆ, ಒಬ್ಬರು ಹಾಸನ, ಇನ್ನೊಬ್ಬರು ಮೈಸೂರು, ಅದರಲ್ಲೂ ಕುವೆಂಪುನಗರ.

ನಮ್ಮ ಪಕ್ಕದ ಮನೆಯಲ್ಲೇ ಟೈರಿನವರೊಬ್ಬರಿದ್ದರು ಎಂಬುದು ನನಗೆ ತರಗತಿಗೆ ಸೇರಿದ ಮೇಲೆ ಹೊಳೆಯಿತು. ಉಮ್ ಇಲ್ಯಾಸ್. ಅಂದರೆ ಇಲ್ಯಾಸನ ತಾಯಿ. ಅವರಲ್ಲಿ ಹೆಂಗಸನ್ನು ಹಿರಿಮಗನ ಹೆಸರಿನಿಂದ ಕರೆಯುವುದು ವಾಡಿಕೆ. ಮೀನುಗಾರನ ಮಗಳು, ಮದುವೆಯಾಗಿ ಸಿಡ್ನಿಗೆ ಬಂದವರು, ವಿಧವೆ. ಬೇಲಿಯ ಮೇಲಿಂದ ದ್ರಾಕ್ಷಿ ಎಲೆಯಲ್ಲಿ ಅನ್ನ ಸುತ್ತಿದ ಕಡುಬು ದಾಟಿಸುತ್ತಿದ್ದರು. ನಾನು ಚಿತ್ರಾನ್ನ ದಾಟಿಸುತ್ತಿದ್ದೆ.

ನಾನು ಬಸುರಿ ಎಂದು ತಿಳಿದ ವಾರ ಅವರು ಒಂದು ಟವೆಲ್ಲಿನಲ್ಲಿ ಏನನ್ನೋ ಸುತ್ತಿಕೊಂಡು ಬಂದರು. ಗೇಣುದ್ದದ ಮಣ್ಣಿನ ಹೆಂಗಸು. ಪೀಠದ ಮೇಲೆ ಕೂತಿದ್ದಾಳೆ, ತುಂಬಿದ ಹೊಟ್ಟೆ, ಒಂದು ಕೈ ಹೊಟ್ಟೆಯ ಮೇಲೆ. ಇನ್ನೊಂದು ಕೈ ಮೊಣಕೈಯಿಂದ ಇಲ್ಲ. ಮುಖ ಉಪ್ಪುನೀರಿಗೆ ಸವೆದಿತ್ತು, ಆದರೂ ನಗುವಿನ ಗೆರೆ ಉಳಿದಿತ್ತು. ಅವರ ಅಪ್ಪನ ಬಲೆಯಲ್ಲಿ ಬಂದವಳಂತೆ.

"ನನ್ನ ಮೂರೂ ಹೆರಿಗೆಯಲ್ಲಿ ತಲೆಯ ಹತ್ತಿರ ಇದ್ದಳು" ಎಂದರು ತಮ್ಮ ಅರೆಬರೆ ಇಂಗ್ಲಿಷಿನಲ್ಲಿ. "ನಿನಗೂ ಇರಲಿ. ಆಮೇಲೆ ಮೆಲ್ಬರ್ನಿನ ನನ್ನ ಮಗಳಿಗೆ ಬೇಕು. ನಿಮ್ಮ ಟೀಚರಿಗೆ ಒಮ್ಮೆ ತೋರಿಸು, ಹಬೀಬ್ತಿ, ನನ್ನ ಕಂದಾ. ಇವಳು ಯಾರು ಅಂತ ನಮ್ಮಪ್ಪ ಸಾಯೋವರೆಗೂ ಕೇಳ್ತಿದ್ದ."

ಟೀಚರು, ಮೊದಲು ಒಂದು ಫೋಟೋ ತನ್ನಿ ಎಂದರು. ಇನ್ನೂ ಕ್ಯಾಮೆರಾಕ್ಕೆ ರೀಲು ಹಾಕುತ್ತಿದ್ದ ಕಾಲ. ರೀಲಿನಲ್ಲಿ ಉಳಿದ ಕೆಲವೇ ಚಿತ್ರಗಳು ಮಗುವಿಗಿರಲಿ ಎಂದು ನಾನು ತೆಗೆಯಲಿಲ್ಲ. ಎರಡೂವರೆ ಸಾವಿರ ವರ್ಷ ಕಾದವಳು ಇನ್ನು ಕೆಲವು ತಿಂಗಳು ಕಾಯಲಾರಳೇ ಎಂದುಕೊಂಡೆ.

ಅಷ್ಟರಲ್ಲಿ ಬಾಣಂತನಕ್ಕೆಂದು ಮೈಸೂರಿನಿಂದ ಅಮ್ಮ ಬಂದಳು. ಸೂಟ್‌ಕೇಸಿನ ತುಂಬ ಅಂಟು, ಕೊಬ್ಬರಿ, ಓಮ. ಏರ್‌ಪೋರ್ಟಿನವರು ಅದರಲ್ಲಿ ಅರ್ಧ ಕಿತ್ತುಕೊಂಡಿದ್ದರು, ಆ ದುಃಖ ಅವಳಿಗೆ ಕೊನೆಯವರೆಗೂ ಇತ್ತು. ಬಂದ ಎರಡನೇ ದಿನ ಬೇಲಿಯ ಬಳಿ ಸ್ನೇಹವಾಯಿತು. ಅಮ್ಮನಿಗೆ ಇಂಗ್ಲಿಷ್ ಬಾರದು, ಅವರಿಗೆ ಕನ್ನಡ ಬಾರದು. ಒಬ್ಬರು ಮಂಡಿ ತೋರಿಸಿದರೆ ಇನ್ನೊಬ್ಬರು ಸೊಂಟ ತೋರಿಸುವರು. ಅಮ್ಮ ಅವರನ್ನು ಇಲ್ಯಾಸಮ್ಮ ಎಂದಳು, ಅವರು ಅಮ್ಮನನ್ನು ಉಮ್ ವೀಣಾ ಎಂದರು.

ಒಂದು ಮಧ್ಯಾಹ್ನ ಅಮ್ಮ ನನ್ನ ಕೋಣೆ ಒರೆಸುತ್ತಾ ಕಪಾಟಿನ ಮುಂದೆ ನಿಂತಳು.

"ಇದ್ಯಾರೇ ವೀಣಾ, ಕೈ ಮುರ್ಕೊಂಡು ಕೂತಿರೋಳು?"

ಗೊಂಬೆ ಎಂದಿದ್ದರೆ ಮುಗಿದುಹೋಗುತ್ತಿತ್ತು. ಆದರೆ ತರಗತಿಗೆ ಹೋಗುವವರಿಗೆ ಕೇಳುವವರು ಸಿಗುವುದು ಅಪರೂಪ. ಗಂಡ ಮುರಳಿ ಫಿನೀಷಿಯಾ ಎಂದರೆ ಸಾಕು, ಟಿವಿಯ ವಾಲ್ಯೂಮ್ ಹೆಚ್ಚಿಸುತ್ತಿದ್ದರು. ಹಾಗಾಗಿ ನಾನು ಮಂಚದ ಮೇಲೆ ಒರಗಿ ಇಡೀ ಉಪನ್ಯಾಸ ಬಿಟ್ಟೆ. ಇವಳು ದೇವಿ ಇರಬಹುದು, ಬಸುರಿಯರನ್ನು ಕಾಯುವವಳಿರಬಹುದು, ಇಲ್ಯಾಸಮ್ಮ ನನಗಾಗಿ ಕೊಟ್ಟರು ಎಂದೆ.

"ದೇವರಾ? ಹಾಗಾದ್ರೆ ಭಿನ್ನ ಆಗಿದೆಯಲ್ಲೇ."

"ಮ್ಯೂಸಿಯಂನಲ್ಲಿ ಇರೋದೆಲ್ಲ ಭಿನ್ನಾನೇ ಅಮ್ಮ."

"ಮ್ಯೂಸಿಯಂನಲ್ಲಿ ಯಾರೂ ಹೆರಲ್ಲ" ಎಂದು ಅಮ್ಮ ಬಟ್ಟೆ ಹಿಂಡಿಕೊಂಡು ಹೋದಳು.

ನಾನು ಈ ಮಾತಿಗೆ ನಕ್ಕು ನಿದ್ದೆ ಹೋದೆ. ಭಿನ್ನವಾದ ಮೂರ್ತಿಯನ್ನು ನಮ್ಮಲ್ಲಿ ಪೂಜಿಸುವುದಿಲ್ಲ, ಎಸೆಯುವುದೂ ಇಲ್ಲ, ನೀರಿಗೆ ಬಿಡುತ್ತೇವೆ ಎಂಬುದು ನನಗೆ ಗೊತ್ತಿಲ್ಲದ್ದೇನಲ್ಲ. ಬಸುರಿಗೆ ಕೊಟ್ಟದ್ದನ್ನು ವಾಪಸ್ಸು ಕೇಳುವ ಪದ್ಧತಿಯೂ ನಮ್ಮಲ್ಲಿಲ್ಲ. ಇವೆರಡನ್ನೂ ಕೂಡಿಸಿ ನೋಡುವಷ್ಟು ಬುದ್ಧಿ ಮಾತ್ರ ಆಗ ಓಡಲಿಲ್ಲ. ತಪ್ಪು ಹುಡುಕುವುದೇ ನನ್ನ ಉದ್ಯೋಗ ಎಂದು ಆಗಲೇ ಹೇಳಿದೆನಲ್ಲ.

ಆ ಭಾನುವಾರ ಅಮ್ಮನಿಗೆ ಸಮುದ್ರ ತೋರಿಸಲು ಬಾಟನಿ ಬೇ ದಂಡೆಗೆ ಹೋದೆವು. ಚಳಿಗಾಲ, ಜನವಿರಲಿಲ್ಲ, ತಲೆಯ ಮೇಲೆ ವಿಮಾನಗಳು ಇಳಿಯುತ್ತಿದ್ದವು. ಅಮ್ಮ ಶಾಲಿನೊಳಗೆ ಏನನ್ನೋ ಅವಚಿಕೊಂಡು ಕಟ್ಟೆಯ ತುದಿಗೆ ನಡೆದಳು. ಸಮುದ್ರಕ್ಕೆ ಕೈ ಮುಗಿಯುತ್ತಾಳೆ ಎಂದು ನಾನು ದೂರದಿಂದಲೇ ಒಂದು ಫೋಟೋ ತೆಗೆದೆ. ಬೆನ್ನು, ಗಾಳಿಗೆ ಹಾರುವ ಸೆರಗು, ಕೈಯಲ್ಲಿ ಒಂದು ಹಸಿರು ಗಂಟು. ಬಹಳ ಚೆನ್ನಾಗಿ ಬಂತು ಅನಿಸಿತು.

ಕಾರಿನಲ್ಲಿ ಕೂತ ಮೇಲೆ ಅಮ್ಮ ನಿರಾಳವಾಗಿ ಹೇಳಿದಳು. "ಹೊಟ್ಟೆಯೊಳಗೆ ಮಗು ಇಟ್ಕೊಂಡು ಆ ಮುರಿದ ಕೈ ದಿನಾ ನೋಡ್ತಿದ್ದೆಯಲ್ಲ, ನಂಗೆ ನಿದ್ದೆ ಬರ್ತಿರ್ಲಿಲ್ಲ. ಹಾಗಂತ ಬಸುರಿ ಹೆಂಗಸನ್ನ ಬರಿಗೈಯಲ್ಲಿ ಕಳಿಸೋಕಾಗುತ್ತಾ? ಹಸಿರು ರವಿಕೆ ಕಣದಲ್ಲಿ ಅಕ್ಕಿ, ಬೆಲ್ಲ, ವೀಳ್ಯದೆಲೆ, ಅರಿಶಿನದ ಕೊಂಬು, ಹಸಿರು ಬಳೆ ಹಾಕಿ ಮಡಿಲು ತುಂಬಿಸಿಯೇ ನೀರಿಗೆ ಬಿಟ್ಟೆ. ಮಣ್ಣಲ್ವಾ, ಕರಗಿಹೋಗ್ತಾಳೆ."

ಸುಟ್ಟ ಮಣ್ಣು ಕರಗುವುದಿಲ್ಲ ಎಂದು ಹೇಳಲು ನನಗೆ ಬಾಯಿ ಬರಲಿಲ್ಲ. ಅದು ಯಾರದ್ದು, ಯಾರಿಗೆ ಹೋಗಬೇಕಿತ್ತು ಎಂದಷ್ಟೇ ಹೇಳಿದೆ. ಅಮ್ಮನ ಮುಖ ನೋಡಲಾಗಲಿಲ್ಲ. ಮುರಳಿ ಕಾರು ತಿರುಗಿಸಿದರು, ಪ್ಯಾಂಟು ಮಡಚಿ ನೀರಿಗಿಳಿದರು. ಸಿಕ್ಕಿದ್ದು ಒಂದು ವೀಳ್ಯದೆಲೆ.

ಮನೆಗೆ ಬಂದವಳೇ ಉಮ್ ಇಲ್ಯಾಸರ ಬಾಗಿಲು ತಟ್ಟಿ ಎಲ್ಲ ಹೇಳಿದೆ. ಅಮ್ಮ ಹಿಂದೆ ನಿಂತು ಕೈ ಮುಗಿದಿದ್ದಳು. ಅವರು ಒಂದೇ ಪ್ರಶ್ನೆ ಕೇಳಿದರು.

"ನೀರು ತಣ್ಣಗಿತ್ತಾ?"

ಹೌದು ಎಂದೆ. ತಲೆಯಾಡಿಸಿ, ಮಾಲೇಶ್, ಹೋಗಲಿ ಬಿಡು ಎಂದು ಬಾಗಿಲು ಹಾಕಿಕೊಂಡರು. ಬೈದಿದ್ದರೆ ಸಹಿಸಬಹುದಿತ್ತು.

ಬಹಳ ದಿನ ಬೇಲಿಯ ಮೇಲಿಂದ ಏನೂ ದಾಟಲಿಲ್ಲ. ಮಗಳು ಹುಟ್ಟಿದ ಮೇಲೆ ಅವರು ಬಂದರು. ಮಗು ಹುಟ್ಟಿದಾಗ ಅವರ ಊರಲ್ಲಿ ಮಾಡುವ, ಸೋಂಪು ಚಕ್ಕೆ ಹಾಕಿದ ಕಂದು ಬಣ್ಣದ ಪಾಯಸ ತಂದಿದ್ದರು. ಅಮ್ಮ ಅಂಟಿನ ಉಂಡೆ ಕೊಟ್ಟಳು. ಇಬ್ಬರೂ ಮಗುವನ್ನು ನೋಡಿ ನಕ್ಕರು. ಮಣ್ಣಿನ ಹೆಂಗಸಿನ ಮಾತು ಯಾರೂ ಎತ್ತಲಿಲ್ಲ, ಅದೇ ಮನೆಯನ್ನೆಲ್ಲ ತುಂಬಿಕೊಂಡಿತ್ತು. ಅವರ ಅಪ್ಪನ ಕೈ ಮುಟ್ಟಿದ ವಸ್ತು ಎಂದು ಅವರ ಬಳಿ ಇದ್ದದ್ದು ಅದೊಂದೇ.

ಅಮ್ಮ ಮೈಸೂರಿಗೆ ಮರಳಿದಳು. ಪ್ರತಿ ಫೋನಿನಲ್ಲೂ ಮಗುವಿನ ಹಲ್ಲು, ಜ್ವರ ಎಲ್ಲ ಆದ ಮೇಲೆ, ಕೊನೆಯಲ್ಲಿ ದನಿ ಇಳಿಸಿ ಕೇಳುತ್ತಿದ್ದಳು: "ಇಲ್ಯಾಸಮ್ಮ ಮಾತಾಡಿಸ್ತಾರಾ?" ಮಾತಾಡಿಸುತ್ತಾರೆ ಎನ್ನುತ್ತಿದ್ದೆ. ನಾವು ಮುರಳಿಯ ಕೆಲಸಕ್ಕೆಂದು ಮೆಲ್ಬರ್ನಿಗೆ ಬಂದ ಮೇಲೂ ಕೇಳುತ್ತಿದ್ದಳು. ಆ ಪ್ರಶ್ನೆಯನ್ನು ಇಟ್ಟುಕೊಂಡೇ ಒಂದು ದಿನ ಹೋಗಿಬಿಟ್ಟಳು.

ಅಮ್ಮ ಹೋದ ಮರುವರ್ಷ, ಮೆಲ್ಬರ್ನಿನ ಲೈಬ್ರರಿಯಲ್ಲಿ ಒಂದು ಪುಸ್ತಕ ತಿರುವುತ್ತಿದ್ದೆ. ಪುಟದಲ್ಲಿ ಆ ಮಣ್ಣಿನ ಹೆಂಗಸೇ ಕೂತಿದ್ದಳು. ಅದೇ ಹೊಟ್ಟೆ, ಅದೇ ಕೈ. ಒಬ್ಬಳಲ್ಲ, ಗುಂಪು. ಆ ಕರಾವಳಿಯ ಸಮುದ್ರದ ತಳದಲ್ಲಿ ಇಂಥವರು ರಾಶಿಯಾಗಿ ಸಿಕ್ಕಿದ್ದಾರಂತೆ. ಹಡಗು ಮುಳುಗಿರಬೇಕು ಎಂದು ಕೆಲವು ವಿದ್ವಾಂಸರು. ಇಲ್ಲ, ಜನರೇ ಹರಕೆಯೆಂದು ತಂದು ನೀರಿಗೆ ಬಿಟ್ಟಿರಬೇಕು ಎಂದು ಇನ್ನು ಕೆಲವರು. ನಾನು ಆ ಸಾಲನ್ನು ಮತ್ತೆ ಮತ್ತೆ ಓದಿದೆ. ಅಮ್ಮನಿಗೆ ಹೇಳಬೇಕಿತ್ತು. ಒಂದು ಫೋನು ಮಾಡಿ, ನೀನು ಮಾಡಿದ್ದು ಅವರ ಊರಿನ ಪದ್ಧತಿಯೇ ಇರಬಹುದು ಕಣಮ್ಮ ಎಂದಿದ್ದರೆ ಸಾಕಿತ್ತು. ಪುಸ್ತಕ ಒಂದು ವರ್ಷ ತಡವಾಗಿ ಕೈಗೆ ಬಂತು.

ಹೇಳಲು ಉಳಿದಿದ್ದವರು ಒಬ್ಬರೇ. ಡಾಕ್‌ಲ್ಯಾಂಡ್ಸ್‌ನ ಟ್ರಾಮ್ ಸ್ಟಾಪಿನಲ್ಲಿ ನಿಂತೇ ಉಮ್ ಇಲ್ಯಾಸರಿಗೆ ಫೋನ್ ಮಾಡಿ, ಮತ್ತೊಮ್ಮೆ ಉಪನ್ಯಾಸ ಕೊಟ್ಟೆ. ಅವರು ಪೂರ್ತಿ ಕೇಳಿದರು.

"ಹಾಗಾದ್ರೆ ನಮ್ಮಪ್ಪ ಯಾರದೋ ಹರಕೆಯನ್ನ ಬಲೆಯಲ್ಲಿ ಎಳೆದು ಮನೆಗೆ ತಂದುಬಿಟ್ಟ."

ನನ್ನ ನಾಲಿಗೆ ಬಿದ್ದುಹೋಗಬಾರದೇ ಅನಿಸಿತು. ನನ್ನ ವಿದ್ಯೆ ಒಮ್ಮೆ ಅವರ ಮಣ್ಣಿನ ಹೆಂಗಸನ್ನು ಕಳೆದಿತ್ತು, ಈಗ ಅಪ್ಪನನ್ನೂ ಕಳ್ಳನಾಗಿಸಿತ್ತು.

"ಪರವಾಗಿಲ್ಲ" ಎಂದರು ಆಮೇಲೆ. "ಉಮ್ ವೀಣಾ ವಾಪಸ್ಸು ಇಟ್ಟು ಬಂದಳಲ್ಲ. ಅಕ್ಕಿ ಬೇರೆ ಕೊಟ್ಟು. ಅವತ್ತಿನ ಒಂದು ಫೋಟೋ ಇದೆ ಅಂದಿದ್ದೆ ನೀನು. ಕಳಿಸು."

ಟೈರಿನ ಕಡಲು ಬೇರೆ, ಬಾಟನಿ ಬೇ ಬೇರೆ, ನಡುವೆ ಅರ್ಧ ಭೂಮಿ ಇದೆ ಎಂಬ ಸರಿಯಾದ ಉತ್ತರ ನಾಲಿಗೆಯ ತುದಿಯವರೆಗೂ ಬಂದಿತ್ತು. ನುಂಗಿಕೊಂಡೆ.

ಕಳೆದ ಸಲ ಸಿಡ್ನಿಗೆ ಹೋದಾಗ ಅವರ ಮನೆಯಲ್ಲಿ ನೋಡಿದೆ. ಮಣ್ಣಿನ ಹೆಂಗಸು ಮೊದಲು ಕೂರುತ್ತಿದ್ದ ಜಾಗದಲ್ಲಿ, ಫ್ರೇಮಿನೊಳಗೆ, ನಮ್ಮಮ್ಮನ ಬೆನ್ನು, ಹಸಿರು ಗಂಟು. ಮೆಲ್ಬರ್ನಿನ ಮಗಳ ಹೆರಿಗೆಗೆ ಈ ಫ್ರೇಮೇ ಹೋಗಿ ಬಂತಂತೆ. ಕಾಫಿಗೆ ಬಂದಿದ್ದ ಅವರ ಗೆಳತಿಯೊಬ್ಬರು, ಇವಳು ಯಾರು ಎಂದು ಕೇಳಿದರು. ಉಮ್ ಇಲ್ಯಾಸ್ ಅರಬ್ಬಿಯಲ್ಲಿ ಏನೋ ಹೇಳಿ, ನನಗಾಗಿ ಇಂಗ್ಲಿಷಿನಲ್ಲೂ ಹೇಳಿದರು: "ನಮ್ಮ ಮನೆ ಹೆಣ್ಣುಮಗಳನ್ನ ಕಳಿಸಿಕೊಡ್ತಿರೋರು. ಇವರ ಹೆಸರು ಕೇಳಲೇ ಇಲ್ಲ ನೋಡು."

ಅಮ್ಮನ ಹೆಸರು ನನಗೆ ಗೊತ್ತಿತ್ತು. ಉಪನ್ಯಾಸ ಬೇಡವೆಂದು ಆ ಹೆಸರೊಂದನ್ನೇ ಹೇಳಿದೆ. ಇಬ್ಬರೂ ಅದನ್ನು ತಪ್ಪುತಪ್ಪಾಗಿ, ನಿಧಾನವಾಗಿ, ಎರಡು ಸಲ ಹೇಳಿಕೊಂಡರು.