ಟಿವಿ ಸಾವಿಗೊಂದು ಸ್ನಾನ

ಹಿಂದಿ ಧಾರಾವಾಹಿಯ ಸೊಸೆ ಕಣ್ಣು ಮುಚ್ಚಿದಳು. ಅವಳ ಮುಖವನ್ನೇ ಬಹಳ ಹೊತ್ತು ತೋರಿಸಿದರು. ನಮ್ಮ ಪಡಸಾಲೆಯಲ್ಲಿ ಕೂತು ನೋಡುತ್ತಿದ್ದ ಪಕ್ಕದ ಮನೆಯ ಮುನಿಯಮ್ಮ ತಟ್ಟನೆ ಎದ್ದು ಹಿತ್ತಲಿಗೆ ಹೋಗಿ, ಉಟ್ಟ ಸೀರೆಯಲ್ಲೇ ತಲೆಯ ಮೇಲೆ ತೊಟ್ಟಿಯ ನೀರು ಸುರಿದುಕೊಳ್ಳತೊಡಗಿದಳು.

ಎಂಬತ್ತರ ದಶಕದಲ್ಲಿ ಟೇಕಲ್ಲಿನ ನಮ್ಮ ಬೀದಿಗೆಲ್ಲ ನಮ್ಮದೊಂದೇ ಟಿವಿ. ಭಾನುವಾರ ಬೆಳಗ್ಗೆ ಅರ್ಧ ಬೀದಿ ನಮ್ಮಲ್ಲೇ ಇರುತ್ತಿತ್ತು. ಒಂದಕ್ಷರ ತಿಳಿಯದ ಭಾಷೆಯ ನಾಟಕ ನೋಡಿ ಅಳುವುದು ಶುದ್ಧ ದಡ್ಡತನವೆಂಬುದು ನನ್ನ ಘನವಾದ ಅಭಿಪ್ರಾಯವಾಗಿತ್ತು. ಮುನಿಯಮ್ಮನ ಮನೆಯಲ್ಲಿ ರೇಷ್ಮೆಹುಳು ಸಾಕುತ್ತಿದ್ದರು; ಹೆಣ ನೋಡಿದವರು ಮೀಯದೆ ಹುಳುವಿನ ಮನೆಗೆ ಕಾಲಿಡಬಾರದೆಂಬ ನೇಮ ನಮ್ಮ ಕಡೆ ಉಂಟು. ಅದು ಟಿವಿಯ ಹೆಣಕ್ಕೂ ಅನ್ವಯಿಸುತ್ತದೆಂದು ಮಾತ್ರ ಯಾವ ಶಾಸ್ತ್ರವೂ ಹೇಳಿರಲಿಲ್ಲ.

ನಗು ತಡೆಯಲಾರದೆ ನಾನೂ ಹಿತ್ತಲಿಗೆ ಹೋದೆ. "ಮುನಿಯಮ್ಮ, ಅದು ನಾಟಕ ಕಣಮ್ಮ! ಆವಮ್ಮ ಈಗ ಬೊಂಬಾಯಲ್ಲಿ ತಿಂಡಿ ತಿಂತಾ ಇರ್ತಾಳೆ."

"ಗೊತ್ತು ಮೇಷ್ಟ್ರೇ," ಎಂದಳು, ಚೊಂಬು ಕೆಳಗಿಡದೆ. "ನನ್ ಮಗಳು ಗಂಡನ ಮನೇಲಿ ಸತ್ತಾಗ, ನಾವು ಹೋಗೋಷ್ಟ್ರಲ್ಲಿ ಸುಟ್‌ಬಿಟ್ಟಿದ್ರು. ಮಕ ತೋರಿಸ್ಲಿಲ್ಲ. ಹೆಂಗೆ ಸತ್ಲು ಅಂತಾನೂ ಹೇಳ್ಲಿಲ್ಲ. ಇವ್ರಾದ್ರೂ ತೋರಿಸಿದ್ರಲ್ಲ. ನನ್ ಮಗಳ ಹೆಸರಲ್ಲಿ ಇವತ್ತು ನೀರು ಹಾಕ್ಕೊತಿದೀನಿ."

ಮುಂದಿನ ಭಾನುವಾರ ಆ ಸೊಸೆ ಆಸ್ಪತ್ರೆಯಲ್ಲಿ ಕಣ್ಣು ಬಿಟ್ಟಳು. ಪಡಸಾಲೆಯಲ್ಲಿ ಚಪ್ಪಾಳೆ ಬಿತ್ತು. ಮುನಿಯಮ್ಮ ಬಂದಿರಲಿಲ್ಲ. ಅವಳಿಗೆ ಯಾರೂ ಹೇಳಕೂಡದೆಂದು ತಾಕೀತು ಮಾಡಿದೆ. ನಮ್ಮ ಬೀದಿ ನನ್ನ ಮಾತು ಕೇಳಿದ್ದು ಅದೊಂದೇ ಸಲ.