ನೀರಿನ ಮೇಲಿನ ಎರಡು ಕೈ

ಹೋದ ವಾರ ನಮ್ಮ ಓಣಿಯ ರಸ್ತೆಗೆ ಡಾಂಬರು ಹಾಕಿದರು. ಕಿಟಕಿ ಮುಚ್ಚಿದರೂ ವಾಸನೆ ಅಡುಗೆಮನೆಯವರೆಗೆ ಬಂತು. ಸಂಜೆ ಅದರ ಮೇಲೆ ನಾಲ್ಕು ಹನಿ ಮಳೆ ಬಿದ್ದು, ಡಾಂಬರು ಮತ್ತು ನೀರು ಕೂಡಿದ ಒಂದು ವಾಸನೆ ಎದ್ದಾಗ ನಾನು ಕೈಯಲ್ಲಿದ್ದ ಪಾತ್ರೆ ಕೆಳಗಿಟ್ಟು ಕುಳಿತುಬಿಟ್ಟೆ. ನಮ್ಮ ಕಾಲೇಜಿನ ಕ್ಯಾಂಪಿನ ಲೀಡರ್ ನೆನಪಾದ. ಅವನು ತೀರಿಕೊಂಡ ಸುದ್ದಿ ಬಂದು ಎರಡು ತಿಂಗಳಾಗಿತ್ತು. ಸುದ್ದಿ ಕೇಳಿದ ದಿನ ನಾನು "ಹೌದಾ" ಎಂದು ಅರ್ಧ ಉಳಿದಿದ್ದ ಚಹಾ ಮುಗಿಸಿದ್ದೆ. ಸತ್ತಾಗ ನೆನಪಾಗದವನು ಡಾಂಬರಿನ ವಾಸನೆಗೆ ಎದ್ದು ಬಂದು ನಿಂತ...

ರಾಜ್ಯಕ್ಕೆ ಕರ್ನಾಟಕವೆಂದು ಹೆಸರಾಗಿ ಒಂದೆರಡು ವರ್ಷ ಕಳೆದಿದ್ದ ಕಾಲ. ಸಿವಿಲ್ ಎಂಜಿನಿಯರಿಂಗ್ ಕೊನೆಯ ವರ್ಷದಲ್ಲಿ ನಾನೊಬ್ಬಳೇ ಹುಡುಗಿ, ಚಿತ್ತಾಪುರದ ಮೇಷ್ಟ್ರ ಮಗಳು. ಆ ವರ್ಷದ ಸರ್ವೆ ಕ್ಯಾಂಪು ಶಹಾಬಾದಿನಲ್ಲಿ ನಡೆಯಿತು. ಹುಡುಗರು ಅಲ್ಲಿಯ ಒಂದು ಶಾಲೆಯ ಕೋಣೆಗಳಲ್ಲಿ ಹಾಸಿಗೆ ಬಿಚ್ಚಿದರು. ನಾನು ವಾಡಿಯ ರೈಲ್ವೆ ಕ್ವಾರ್ಟರ್ಸಿನಲ್ಲಿದ್ದ ಅತ್ತೆಯ ಮನೆಯಿಂದ ದಿನವೂ ಪ್ಯಾಸೆಂಜರ್ ಗಾಡಿಯಲ್ಲಿ ಬಂದು ಹೋಗುತ್ತಿದ್ದೆ. ಹುಡುಗರು ನನ್ನನ್ನು ಅಕ್ಕೋರೆ ಎನ್ನುತ್ತಿದ್ದರು. ನಮ್ಮ ಕಡೆ ಶಾಲೆ ಕಲಿಸುವ ಹೆಂಗಸರಿಗೆ ಹಾಗೆನ್ನುತ್ತಾರೆ. ಎಂಜಿನಿಯರ್ ಆಗುವವರು ನಾವು, ನೀವು ಎಷ್ಟು ಓದಿದರೂ ಕೊನೆಗೆ ಸಾಲಿ ಮಾಸ್ತರಿಕೆಗೇ ಎಂಬುದನ್ನು ಅವರು ಇಷ್ಟು ಮರ್ಯಾದೆಯಿಂದ ಹೇಳುತ್ತಿದ್ದರು.

ಡಿಗ್ರಿ ಕೈಗೆ ಬರುವ ಮೊದಲಿನ ಕೆಲವು ತಿಂಗಳಲ್ಲಿ ಎಂಜಿನಿಯರಿಂಗ್ ಹುಡುಗ ಎಂಬ ಪ್ರಾಣಿಯನ್ನು ಹತ್ತಿರದಿಂದ ಕಂಡವರಿಗೆ ಮುಂದೆ ಯಾವ ಸೇತುವೆಯ ಮೇಲೂ ನಂಬಿಕೆ ಉಳಿಯುವುದಿಲ್ಲ. ನಾನು ಕಂಡಿದ್ದೇನೆ. ಕುರಕುಂಟಾದ ರೈತರ ಮನೆಯ ಹುಡುಗನೊಬ್ಬನಿದ್ದ. ಯಾವಾಗಲೂ ಮೊದಲ ಸ್ಥಾನ ಅವನದೇ ಆದ್ದರಿಂದ ಎಲ್ಲರಿಗೂ ಅವನು 'ರ‍್ಯಾಂಕ್'. ಸೊಂಟಕ್ಕೆ ತೊಗಲಿನ ಚೀಲದಲ್ಲಿ ಸ್ಲೈಡ್ ರೂಲ್ ಕತ್ತಿಯ ಹಾಗೆ ತೂಗುತ್ತಿತ್ತು. ಹಗ್ಗದ ಎಳೆತಕ್ಕೆ ಸೂತ್ರ ಕೇಳಿದರೆ ಪುಸ್ತಕದ ಪುಟದ ಸಂಖ್ಯೆ ಸಮೇತ ಹೇಳುವವನು ತನ್ನ ಪೈಜಾಮದ ಲಾಡಿ ಗಂಟುಬಿದ್ದರೆ ಬಿಚ್ಚಲಾರದೆ ಬೆಳಿಗ್ಗೆ ಕೋಣೆ ಕೋಣೆ ಸುತ್ತುತ್ತಿದ್ದನಂತೆ. ಇನ್ನೊಬ್ಬ 'ಹೀರೋ'. ಹಿಂದಿನ ಜೇಬಿನಲ್ಲಿ ಬಾಚಣಿಕೆ. ಕೋನ ಅಳೆಯುವ ಥಿಯೊಡೊಲೈಟಿನ ದುರ್ಬೀನಿಗೆ ಕಣ್ಣಿಡುವ ಮೊದಲು ಕೂದಲು ಬಾಚಿಕೊಳ್ಳುತ್ತಿದ್ದ, ಆ ಕಡೆಯಿಂದ ಯಾರೋ ಇವನನ್ನು ನೋಡುತ್ತಿದ್ದಾರೆ ಎಂಬಂತೆ. ಹಳೆಯ ಆ ಯಂತ್ರದಲ್ಲಿ ಎಲ್ಲವೂ ತಲೆಕೆಳಗಾಗಿ ಕಾಣುತ್ತಿತ್ತು. ದೂರದ ಬಾವಿಗೆ ನೀರಿಗೆ ಬರುವ ಹುಡುಗಿಯರನ್ನು ಅವನು ಇಡೀ ಬೆಳಗು ನೋಡುತ್ತಿದ್ದ. ಕೊಡ ಕೆಳಗೆ, ಕಾಲು ಮೇಲೆ. ತಲೆಯ ಮೇಲೆ ನಡೆಯುವ ಹೆಂಗಸರನ್ನು ಪ್ರೀತಿಸಿದ ಗಂಡಸು ನನಗೆ ತಿಳಿದಂತೆ ಅವನೊಬ್ಬನೇ.

ಇವರಿಗೆಲ್ಲ ಲೀಡರ್, ಸೇಡಂ ಕಡೆಯ ದೊಡ್ಡ ಮನೆಯವನು. ಸಿಮೆಂಟ್ ಕಾರ್ಖಾನೆಯಲ್ಲಿದ್ದ ಮಾವನಿಂದ ತಂದ ಹೆಲ್ಮೆಟ್ ಅವನ ತಲೆಯಿಂದ ಇಳಿದದ್ದು ನಾನು ಕಂಡದ್ದು ಒಂದೇ ಸಲ. ಹೋಟೆಲಿನಲ್ಲಿ ಮಿರ್ಚಿ ಭಜಿ ತಿನ್ನುವಾಗಲೂ ಇರುತ್ತಿತ್ತು. ಕೊರಳಲ್ಲಿ ಸೀಟಿ. ಯಾವ ಕಟ್ಟಡದೊಳಗೆ ಹೋದರೂ ಮೊದಲು ಗೋಡೆಗೆ ಬೆರಳಗಂಟಿನಿಂದ ಬಡಿದು, ಕಿವಿಗೊಟ್ಟು, "ವೀಕ್ ಅದ" ಎನ್ನುತ್ತಿದ್ದ. ಖಾನಾವಳಿಯ ಗೋಡೆ, ಸ್ಟೇಷನ್ನಿನ ಗೋಡೆ, ಕೊನೆಗೆ ನಮ್ಮ ಅತ್ತೆಯ ದೇವರಮನೆಯ ಗೋಡೆ, ಎಲ್ಲವೂ ವೀಕ್. ಅವುಗಳಲ್ಲಿ ಒಂದೂ ಇನ್ನೂ ಬಿದ್ದಿಲ್ಲ. ಕಲ್ಲು ಒಡೆಯುವವರ ಜೊತೆ ಇಂಗ್ಲಿಷ್, ಪ್ರೊಫೆಸರರ ಜೊತೆ ಕನ್ನಡ. ಪರೀಕ್ಷೆಯೇ ಆಗಿರಲಿಲ್ಲ, ಸಹಿಯ ಮುಂದೆ ಬಿ.ಇ. ಎಂದು ಬರೆಯುವ ಅಭ್ಯಾಸ ನಡೆದಿತ್ತು. ಹೆಣ್ಣು ಹೆತ್ತವರು ಕ್ಯಾಂಪಿಗೇ ಬಂದು ಅವನನ್ನು ನೋಡಿಹೋಗುತ್ತಿದ್ದರು. ಆಗ ಅವನು ಸುಮ್ಮನೆ ಸೀಟಿ ಊದಿ ಯಾರನ್ನಾದರೂ ಕರೆಯುತ್ತಿದ್ದ.

ಥಿಯೊಡೊಲೈಟು ಅವನ ಸುಪರ್ದಿಯಲ್ಲಿತ್ತು. ನಮ್ಮ ಸರ್ವೆ ಸರ್ ಮೊದಲ ದಿನವೇ, "ಇದಕ್ಕೆ ಏನಾದರೂ ಆಯಿತೋ, ನಿನ್ನ ರಿಸಲ್ಟ್ ಮರೆತುಬಿಡು" ಎಂದು ಹೇಳಿದ್ದರು. ಅಂದಿನಿಂದ ಅದರ ಮರದ ಪೆಟ್ಟಿಗೆಯನ್ನು ತಲೆದಿಂಬಿನ ಪಕ್ಕದಲ್ಲಿಟ್ಟು, ಅದರ ಹಿಡಿಕೆಗೂ ತನ್ನ ಕಾಲಿಗೂ ಟವೆಲ್ ಕಟ್ಟಿ ಮಲಗುತ್ತಿದ್ದ. ತಮಾಷೆಯೆಂದರೆ ಆ ಯಂತ್ರ ಎಂದೋ ಕೆಟ್ಟಿತ್ತು. ಮಟ್ಟ ತೋರಿಸುವ ಗುಳ್ಳೆಯ ಕೊಳವೆ ಒಡೆದು ಒಣಗಿತ್ತು. ಹುಡುಗರು ಸಂಜೆ ಖಾನಾವಳಿಯಲ್ಲಿ ರೊಟ್ಟಿ ಮುರಿಯುತ್ತ ಕೋನಗಳನ್ನು ಹುಟ್ಟಿಸಿ ಬರೆಯುತ್ತಿದ್ದರು. ತ್ರಿಕೋನದ ಮೂರು ಕೋನ ಕೂಡಿದರೆ ನೂರಾ ಎಂಬತ್ತು ಬರಬೇಕು, ಅಷ್ಟೆ. ಬರದಿದ್ದರೆ ತಪ್ಪು ತ್ರಿಕೋನದ್ದು.

ಊರ ಹೊರಗೆ ಕಲ್ಲು ತೆಗೆದು ಬಿಟ್ಟ ಒಂದು ಹಳೆಯ ಖಣಿ ಇತ್ತು. ನೆಲಕ್ಕೆ ಹಾಸುವ ಫರಸಿ ಕಲ್ಲನ್ನು ಪದರು ಪದರಾಗಿ ಎತ್ತಿದ್ದರಿಂದ ಒಳಗೆ ಮೆಟ್ಟಿಲಿನ ಹಾಗೆ ಇಳಿಯುತ್ತ ಹೋಗುತ್ತಿತ್ತು. ತುಂಬ ಹಸಿರು ನೀರು. ಆಚೆ ದಂಡೆಯಲ್ಲಿ ಅಳತೆಗೆಂದು ನಾವು ಒಂದು ನಿಶಾನೆ ನೆಟ್ಟಿದ್ದೆವು. ಅಲ್ಲಿಗೆ ಜಾಲಿಮುಳ್ಳಿನೊಳಗಿಂದ ಸುತ್ತಿ ಹೋಗಬೇಕು. ಕ್ಯಾಂಪು ಮುಗಿಯುವ ದಿನ ಲೀಡರಿಗೆ ಹೊಳೆಯಿತು: ತೆಪ್ಪ ಕಟ್ಟಿ ದಾಟೋಣ. ಆಚೆ ಹೋಗಿ ಓದುವ ಕೋನವನ್ನೂ ಸಂಜೆ ರೊಟ್ಟಿಯ ಜೊತೆ ಹುಟ್ಟಿಸಬಹುದಿತ್ತು. ಖರೇ ಕಾರಣ ಬೇರೆ. ಹೀರೋ ತನ್ನ ಭಾವನ ಕ್ಯಾಮೆರಾ ತಂದಿದ್ದ.

ರಸ್ತೆ ಕೆಲಸದವರು ಬಿಟ್ಟಿದ್ದ ಖಾಲಿ ಡಾಂಬರು ಡ್ರಮ್ಮುಗಳನ್ನು ಉರುಳಿಸಿ ತಂದರು. ಮೇಲೆ ಹಲಗೆ, ಅದಕ್ಕೆ ಹಗ್ಗ. ರ‍್ಯಾಂಕ್ ಸ್ಲೈಡ್ ರೂಲ್ ಎಳೆದ.

"ಹತ್ತು ಮಂದಿ ಕುಂತ್ರೂ ಮುಳುಗಂಗಿಲ್ಲ. ಖರೇ ಲೆಕ್ಕ ಅದ," ಎಂದ.

"ನಿಮಗ್ಯಾರಿಗರ ಈಜು ಬರ್ತದೇನ್ರಿ?" ಎಂದು ನಾನು ಕೇಳಿದೆ.

ಲೀಡರ್ ಹೆಲ್ಮೆಟ್ ಸರಿಮಾಡಿಕೊಂಡ. "ಲೆಕ್ಕ ಬಂದಂವಗ ಈಜು ಯಾಕ ಬೇಕ್ರಿ ಅಕ್ಕೋರೆ? ನೀವು ದಂಡಿ ಮ್ಯಾಲ ನಿಂದರ್ರಿ. ಚೈನ್ ಹಿಡೀರಿ, ಹಂಗೇ ಜರಾ ನಮ್ಮ ಚಪ್ಪಲಿನೂ ನೋಡ್ಕೋರಿ."

ಲೀಡರ್, ರ‍್ಯಾಂಕ್, ಮತ್ತಿಬ್ಬರು ಹತ್ತಿದರು. ಥಿಯೊಡೊಲೈಟಿನ ಪೆಟ್ಟಿಗೆ ಲೀಡರಿನ ಕೈಯಲ್ಲಿತ್ತು. ಡ್ರಮ್ಮುಗಳು ನೀರಿಗಿಳಿದಾಗ ಆ ವಾಸನೆ ಎದ್ದಿತು. ದಂಡೆಯಿಂದ ಹೆಚ್ಚು ದೂರ ಹೋಗಿರಲಿಲ್ಲ, ನನ್ನ ಪಕ್ಕದಲ್ಲಿ ನಿಂತಿದ್ದ ಹೀರೋ ಕ್ಯಾಮೆರಾ ಕಣ್ಣಿಗಿಟ್ಟು ಕೂಗಿದ.

"ಏ, ಎಲ್ರೂ ಈ ಕಡಿ ಬರ್ರಿ! ಲೀಡರ್, ಪೆಟಿಗಿ ಮುಂದ ಹಿಡಿ. ರ‍್ಯಾಂಕ್, ಜರಾ ನಗೋ, ಸುಟ್ಟ ಬದ್ನಿಕಾಯಿ ಮಾರಿ ಮಾಡಬ್ಯಾಡ!"

ನಾಲ್ವರೂ ಒಟ್ಟಿಗೆ ಈ ಕಡೆಗೆ ಬಂದರು. ರ‍್ಯಾಂಕಿನ ಲೆಕ್ಕ ಸರಿಯಾಗಿಯೇ ಇತ್ತು. ಈಗಲೂ ನಾನು ಹಾಗೇ ಹೇಳುತ್ತೇನೆ. ತೆಪ್ಪ ಮುಳುಗಲಿಲ್ಲ, ಮಗುಚಿತು. ಫೋಟೋಕ್ಕೆ ಮುಖ ತೋರಿಸುವ ಆಸೆಗೆ ಎಷ್ಟು ತೂಕವೆಂದು ಅವನ ಪುಸ್ತಕದ ಯಾವ ಪುಟದಲ್ಲೂ ಇರಲಿಲ್ಲ.

ತೆಪ್ಪದ ಮೇಲಿದ್ದ ಮತ್ತಿಬ್ಬರು ಹುಡುಗರು ಡ್ರಮ್ಮು ತಬ್ಬಿಕೊಂಡು ಕಾಲು ಬಡಿಯುತ್ತ ಬದಿಗೆ ಬಂದರು. ಹೆಲ್ಮೆಟ್ ತೇಲುತ್ತ ಹೋಯಿತು. ಲೀಡರ್ ಒಮ್ಮೆ ಮುಳುಗಿ ಎದ್ದ. ಅವನ ಕಾಲಿಗೆ ನೀರೊಳಗಿನ ಒಂದು ಮೆಟ್ಟಿಲು ಸಿಕ್ಕಿತ್ತು. ಗದ್ದದವರೆಗೆ ನೀರು, ಎರಡೂ ಕೈ ಮೇಲೆ, ಕೈಯಲ್ಲಿ ಥಿಯೊಡೊಲೈಟಿನ ಪೆಟ್ಟಿಗೆ. ಅವನ ಬಗಲಿಗೇ ರ‍್ಯಾಂಕ್ ಎದ್ದ. ಅವನ ಕಾಲಿಗೆ ಏನೂ ಸಿಗಲಿಲ್ಲ. ಅವನು ಲೀಡರಿನ ಸೊಂಟದ ಬೆಲ್ಟು ಹಿಡಿದ.

ಮುಂದಿನದು ಎಷ್ಟು ಹೊತ್ತು ನಡೆಯಿತೋ ನನಗೆ ತಿಳಿಯದು. ನನ್ನ ತಲೆಯೊಳಗೆ ಅದು ಇನ್ನೂ ಮುಗಿದಿಲ್ಲ. ಸ್ನಾನಕ್ಕೆ ಬಕೆಟ್ಟು ತುಂಬುವಾಗ, ಬಸ್ಸು ಹಳ್ಳ ದಾಟುವಾಗ, ಯಾರಾದರೂ ಫೋಟೋ ತೆಗೆಯಲು ಎಲ್ಲರನ್ನೂ ಹತ್ತಿರ ಕರೆದಾಗ, ಮತ್ತೆ ಮೊದಲಿನಿಂದ ಶುರುವಾಗುತ್ತದೆ...

"ಬಿಡಲೇ! ಇನ್‌ಸ್ಟ್ರುಮೆಂಟ್ ಬೀಳ್ತದ! ಬಿಡು!" ಎಂದು ಲೀಡರ್ ಒದರಿದ. ಸೊಂಟ ಕೊಡವಿದ. ಒಮ್ಮೆ, ಮತ್ತೊಮ್ಮೆ. ಬೆಲ್ಟಿನಿಂದ ರ‍್ಯಾಂಕಿನ ಕೈ ಜಾರಿತು. ಅವನ ತಲೆ ಒಳಗೆ ಹೋಯಿತು. ನೀರಿನ ಮೇಲೆ ಗುಳ್ಳೆಗಳು ಬಂದವು.

ಹತ್ತಿರದಲ್ಲಿ ಫರಸಿ ಹೊರುತ್ತಿದ್ದ ಹೆಂಗಸರು ಓಡಿ ಬಂದರು. ಅವರಲ್ಲೊಬ್ಬಳು ಎದೆ ಬಡಿದುಕೊಂಡು, "ಏ ಖೋಡಿ, ಆ ಪೆಟಿಗಿ ಒಗಿಯೋ! ಹುಡುಗನ ಕೈ ಹಿಡಿಯೋ!" ಎಂದು ಚೀರಿದಳು. ಅವನು ಪೆಟ್ಟಿಗೆಯನ್ನು ಇನ್ನಷ್ಟು ಮೇಲಕ್ಕೆತ್ತಿದ.

ನನ್ನ ಕೈಯಲ್ಲಿ ಭೂಮಿ ಅಳೆಯುವ ಸರಪಳಿ ಇತ್ತು. ತುದಿಗೆ ಹಿತ್ತಾಳೆಯ ಹಿಡಿ. ಎಸೆದೆ. ಸಿಗಲಿಲ್ಲ. ಎಳೆದುಕೊಂಡು ಮತ್ತೆ ಎಸೆದೆ. ರ‍್ಯಾಂಕ್ ಮೇಲೆ ಬಂದ, ಕಣ್ಣುಗಳು ತೆರೆದೇ ಇದ್ದವು, ಆದರೆ ಏನನ್ನೂ ನೋಡುತ್ತಿರಲಿಲ್ಲ. ಸರಪಳಿ ಅವನ ತೋಳಿಗೆ ಬಡಿದಾಗ ಬೆರಳುಗಳು ತಾವಾಗಿಯೇ ಮುಚ್ಚಿಕೊಂಡವು. ಹೆಂಗಸರು ನನ್ನ ಸೊಂಟ ಹಿಡಿದರು, ನಾನು ಸರಪಳಿ ಹಿಡಿದೆ, ಎಲ್ಲರೂ ಕೂಡಿ ಎಳೆದೆವು. ದಂಡೆಗೆ ಬಿದ್ದವನು ಹಸಿರು ನೀರು ಕಾರಿಕೊಂಡ, ಕೆಮ್ಮಿದ, ತನ್ನ ಅವ್ವನನ್ನು ಕರೆದ.

ಲೀಡರ್ ಇನ್ನೂ ಹಾಗೆಯೇ ನಿಂತಿದ್ದ. ಇನ್ನೊಮ್ಮೆ ಸರಪಳಿ ಎಸೆದರೆ ಅವನು ಹಿಡಿಯಲು ಸಿದ್ಧನಿಲ್ಲ, ಕೈ ಖಾಲಿ ಇಲ್ಲವಲ್ಲ. ಕಲ್ಲು ಒಡೆಯುವವರೊಬ್ಬರು ಹಗ್ಗ ಕಟ್ಟಿಕೊಂಡು ಇಳಿದು ತರಬೇಕಾಯಿತು. ಮೇಲೆ ಬಂದ ಮೇಲೂ ಅವನ ಬೆರಳು ಪೆಟ್ಟಿಗೆ ಬಿಡಲಿಲ್ಲ. ಒಂದೊಂದಾಗಿ ಬಿಡಿಸಿದರು. ಅವನಿಗೂ ಜೀವಭಯವಿತ್ತು, ಆ ಹೊತ್ತಿನಲ್ಲಿ ಅವನು ಅವನಾಗಿರಲಿಲ್ಲ ಎಂದು ಎಷ್ಟೋ ಸಲ ನನಗೆ ನಾನೇ ಹೇಳಿಕೊಂಡಿದ್ದೇನೆ. ಆದರೆ ಬರೀ ಭಯವಾಗಿದ್ದರೆ "ಅವ್ವಾ" ಎನ್ನುತ್ತಿತ್ತು. ಇನ್‌ಸ್ಟ್ರುಮೆಂಟ್ ಎನ್ನುತ್ತಿರಲಿಲ್ಲ.

ಸುದ್ದಿ ಕೇಳಿ ಊರೊಳಗಿಂದ ಓಡಿಬಂದ ಸರ್ವೆ ಸರ್‌ಗೆ ಅವನು ಹೇಳಿದ ಮೊದಲ ಮಾತು, "ಸರ್, ಇನ್‌ಸ್ಟ್ರುಮೆಂಟ್ ಸೇಫ್ ಅದ ಸರ್." ಸರ್ ಮೊದಲು ಪೆಟ್ಟಿಗೆ ತೆರೆದು ನೋಡಿದರು. ಆಮೇಲೆ ರ‍್ಯಾಂಕಿನ ಕಡೆ ತಿರುಗಿದರು.

ತೆಪ್ಪ ಮಗುಚಿದ ಮೇಲಿನ ಗಾಬರಿಯಲ್ಲಿ ಯಾವಾಗಲೋ ಹೀರೋನ ಬೆರಳು ಕ್ಯಾಮೆರಾ ಒತ್ತಿತ್ತು. ಫೋಟೋ ಬಂತು. ಒಂದು ಡ್ರಮ್ಮು, ಲೀಡರಿನ ಅರ್ಧ ಮುಖ, ನೀರಿನ ಮೇಲೆ ಎರಡು ಕೈ, ಕೈಯಲ್ಲಿ ಪೆಟ್ಟಿಗೆ. ಬೇರೆ ಏನೂ ಕಾಣುವುದಿಲ್ಲ. ಕಾಲೇಜಿನಲ್ಲಿ ಅದಕ್ಕೆ ಚೌಕಟ್ಟು ಹಾಕಿಸಿದರು. ಬೀಳ್ಕೊಡುಗೆಯ ದಿನ ಪ್ರತಿಯೊಬ್ಬನಿಗೂ ಒಂದು ಬಿರುದು ಕೊಟ್ಟು ನಗಿಸುವ ಪದ್ಧತಿಯಿತ್ತು. ಲೀಡರ್ 'ಕಾಲೇಜಿನ ಕಣ್ಮಣಿ'. ಇಂಥ ಜವಾಬ್ದಾರಿಯುಳ್ಳ ಹುಡುಗರೇ ನಾಡು ಕಟ್ಟುವವರೆಂದು ವಿಭಾಗದ ಮುಖ್ಯಸ್ಥರು ಭಾಷಣ ಮಾಡಿದರು. ರ‍್ಯಾಂಕಿಗೆ 'ಜಲಚರ'. ಸಭೆ ಬಿದ್ದು ಬಿದ್ದು ನಕ್ಕಿತು. ರ‍್ಯಾಂಕೂ ನಕ್ಕ, ಎದ್ದು ನಿಂತು ಲೀಡರಿಗೆ ಚಪ್ಪಾಳೆ ತಟ್ಟಿದ. ನಾನು ಅವನ ಕೈಗಳನ್ನೇ ನೋಡುತ್ತ ಕುಳಿತಿದ್ದೆ. ಕಣ್ಮಣಿ ಕಾಯ್ದ ಆ ಯಂತ್ರವನ್ನು ಮರುವರ್ಷ ಗುಜರಿಗೆ ಹಾಕಿದರಂತೆ.

ಲೀಡರ್ ದೊಡ್ಡ ಹುದ್ದೆಗೆ ಏರಿದ. ಅವನು ಕಟ್ಟಿಸಿದ ಸೇತುವೆಯೊಂದು ಚಿಂಚೋಳಿ ರಸ್ತೆಯಲ್ಲಿದೆ. ಬಸ್ಸು ಅದರ ಮೇಲೆ ಹೋಗುವಾಗ ನಾನು ಮುಂದಿನ ಸೀಟಿನ ಸರಳು ಹಿಡಿಯುತ್ತೇನೆ. ಅದು ಗಟ್ಟಿಯಾಗಿಯೇ ಇದೆ, ಆ ಮಾತು ಬೇರೆ. ಮದುವೆ ಮುಂಜಿಗಳಲ್ಲಿ ಸಿಕ್ಕಾಗ ಖಣಿಯ ಕತೆಯನ್ನು ಅವನೇ ತೆಗೆಯುತ್ತಿದ್ದ. "ಅವತ್ತ ಅಕ್ಕೋರು ಭಾಳ ಅಂಜಿದ್ರು," ಎಂದು ನನ್ನತ್ತ ಕೈ ತೋರಿಸುತ್ತಿದ್ದ. ತಪ್ಪಾಯಿತೆಂಬ ಒಂದು ಮಾತಿಗಾಗಿ ನಾನು ಅವನ ಬಾಯಿ ನೋಡುತ್ತಿದ್ದೆ. ಅವನು ಲಾಡು ತಿನ್ನುತ್ತಿದ್ದ.

ಡಾಂಬರಿನ ವಾಸನೆ ಬಂದ ಮರುದಿನ ರ‍್ಯಾಂಕಿಗೆ ಫೋನ್ ಮಾಡಿದೆ. ನಿವೃತ್ತನಾಗಿ ಸೇಡಮಿನಲ್ಲಿದ್ದಾನೆ.

"ಅಕ್ಕೋರೆ, ಸಂತಾಪ ಸಭಾಕ ನೀವು ಬರಬೇಕಿತ್ರಿ," ಎಂದ. "ಭಾಳ ಮಂದಿ ಕೂಡಿದ್ರು. ಅದೇ ಫೋಟೋ ದೊಡ್ಡದು ಮಾಡಿಸಿ ಇಟ್ಟಿದ್ರು. ಹಾರ ಹಾಕಲಿಕ್ಕ ನನಗೇ ಕರದ್ರು."

"ಹಾಕಿದ್ರೇನ್ರಿ?"

"ಹಾಕ್ದೆ."

ಅಷ್ಟು ವರ್ಷ ಕೇಳದೆ ಉಳಿದದ್ದನ್ನು ಆಗ ಕೇಳಿದೆ. "ಅವತ್ತ ನೀರಾಗ ಅಂವ ಅಂದಿದ್ದು ನಿಮಗ ಕೇಳಿಸಿತ್ತೇನ್ರಿ?"

"ಕೇಳಿಸ್ದೆ ಏನ್ರಿ, ಕಿವಿ ಇನ್ನಾ ಮ್ಯಾಲೇ ಇತ್ತಲ್ಲ."

"ಮತ್ತ ಇಷ್ಟು ವರ್ಷ ಹೆಂಗ ನಕ್ಕೋತ ಇದ್ರಿ ಅವನ ಕೂಡ?"

"ನಾ ಸಿಟ್ಟು ಮಾಡಿದ್ರ ಅಂವ ಮನಿಗಿ ಬರೂದೇ ಬಿಡ್ತಿದ್ದ್ರಿ. ಬಂದ್ರ ಒಂದಿಲ್ಲಾ ಒಂದಿನ ತಾನೇ ಅಂತಾನ ಅಂತ ದಾರಿ ನೋಡ್ದೆ. ಬರ್ತಿದ್ದ, ಚಹಾ ಕುಡೀತಿದ್ದ, ಗ್ವಾಡಿ ಬಡದು ನೋಡಿ ಹೋಗ್ತಿದ್ದ... ಹಾರ ಹಾಕುಮುಂದ ಅನಿಸ್ತು ಅಕ್ಕೋರೆ, ಆ ಫೋಟೋದಾಗ ನಾನೂ ಅದೀನಿ. ನೀರಿನ ಬುಡಕ. ಯಾರಿಗೂ ಕಾಣಂಗಿಲ್ಲ, ಅಷ್ಟೇ."

ಕಾಯುತ್ತಿದ್ದವಳು ನಾನೊಬ್ಬಳೇ ಎಂದುಕೊಂಡಿದ್ದೆ. ಲೀಡರಿನ ಮೇಲಿನ ನನ್ನ ತಿರಸ್ಕಾರ ಒಂದು ಗುಲಗಂಜಿಯಷ್ಟೂ ಕಡಿಮೆಯಾಗಿಲ್ಲ. ಆದರೆ ತಿರಸ್ಕಾರಕ್ಕೂ ಎದುರಿಗೆ ಒಬ್ಬ ಮನುಷ್ಯ ಬೇಕು, ಇಂದಲ್ಲ ನಾಳೆ ಬಾಯಿ ತೆರೆದಾನು ಎಂಬ ಒಂದು ಎಳೆ ಬೇಕು. ಅದನ್ನೂ ಅವನು ತೆಗೆದುಕೊಂಡೇ ಹೋದ.



"ಅಕ್ಕೋರೆ, ಇದ್ದೀರೇನ್ರಿ?" ಎಂದ ರ‍್ಯಾಂಕ್.

"ಅದೀನ್ರಿ, ಹೇಳ್ರಿ," ಎಂದೆ.

ಹೇಳಲು ನಮ್ಮಿಬ್ಬರಲ್ಲಿ ಏನೂ ಇರಲಿಲ್ಲ. ಹೇಳಬೇಕಾಗಿದ್ದವನು ಹೋಗಿದ್ದ.